ಗೆಲ್ಲಿಸಿಕೊಟ್ಟರೂ ನಮ್ಮ ಜಿಲ್ಲೆಗೆ ಮಂತ್ರಿ ಇಲ್ಲ: ಕೋರ್ಟಿಗೆ ಹೋಗಬಹುದೇ?

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ನಮ್ಮ ಜಿಲ್ಲೆಯ ಬಹುಪಾಲು ಕ್ಷೇತ್ರಗಳನ್ನು ಆಡಳಿತ ಪಕ್ಷವೇ ಗೆದ್ದಿದೆ. ನಮ್ಮ ಶಾಸಕರು ಮೂರನೇ ಸಲ ಆರಿಸಿ ಬಂದವರು. ಆದರೂ ಜಿಲ್ಲೆಗೆ ಒಂದೇ ಒಂದು ಮಂತ್ರಿಸ್ಥಾನ ಸಿಕ್ಕಿಲ್ಲ. ಉಸ್ತುವಾರಿಗೆಂದು ಹೊರಜಿಲ್ಲೆಯವರು ಬರುತ್ತಾರೆ, ಧ್ವಜ ಹಾರಿಸಿ ಹೋಗುತ್ತಾರೆ. ಇತ್ತ ಚುನಾವಣೆಗೇ ನಿಲ್ಲದವರು ಮಂತ್ರಿಯಾಗುತ್ತಾರೆ. ನಮ್ಮ ಶಾಸಕರಿಗೆ ಒಂದು ನಿಗಮದ ಅಧ್ಯಕ್ಷಗಿರಿ ಕೊಟ್ಟು ‘ಸಂಪುಟ ದರ್ಜೆ’ ಅಂದಿದ್ದಾರೆ. ಹಾಗಾದರೆ ಅವರೂ ಮಂತ್ರಿಯೇ ಆದಂತಲ್ಲವೇ ಎಂದು ಕೆಲವರ ವಾದ. ಪ್ರತಿ ಜಿಲ್ಲೆಗೂ ಒಬ್ಬ ಮಂತ್ರಿ ಇರಲೇಬೇಕೆಂಬ ನಿಯಮ ಇದೆಯಂತೆ, ಹೈಕೋರ್ಟಿಗೆ ಹೋದರೆ ನ್ಯಾಯ ಸಿಗುತ್ತದಂತೆ. ಊರಿನ ಗೆಳೆಯರೆಲ್ಲ ಸೇರಿ ಇದಕ್ಕಾಗಿ ಹಣ ಸಂಗ್ರಹಿಸುತ್ತಿದ್ದೇವೆ. ಮುಂದುವರಿಯಬಹುದೇ?

ಉತ್ತರ: ಮೇಷ್ಟ್ರೇ, ಮೊದಲು ಆ ಹಣ ಸಂಗ್ರಹ ನಿಲ್ಲಿಸಿ. ಜಿಲ್ಲೆಗೊಬ್ಬ ಮಂತ್ರಿ ಎಂಬ ನಿಯಮ ಸಂವಿಧಾನದಲ್ಲೂ ಇಲ್ಲ, ರಾಜ್ಯದ ಯಾವ ಕಾಯ್ದೆಯಲ್ಲೂ ಇಲ್ಲ. ಇಲ್ಲದ ನಿಯಮವನ್ನು ಮುರಿದರು ಎಂದು ಕೋರ್ಟಿನಲ್ಲಿ ವಾದಿಸಲು ಬರುವುದಿಲ್ಲ. ವಾದಿಸುತ್ತೇನೆಂದು ಫೀಸು ತೆಗೆದುಕೊಳ್ಳುವವರು ಸಿಕ್ಕಾರು, ಅದು ಬೇರೆ ಮಾತು.

ನಿಮ್ಮ ಬೇಸರ ಮಾತ್ರ ಸುಳ್ಳಲ್ಲ. ಜಿಲ್ಲೆಯ ಹೆಸರು ನೀವು ಬರೆದಿಲ್ಲ. ಬರೆಯದಿದ್ದರೂ ಅಡ್ಡಿಯಿಲ್ಲ, ಈ ಕಥೆ ಒಂದೇ ಜಿಲ್ಲೆಯದಲ್ಲ. 2023ರ ಮೇ ಚುನಾವಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದಕ್ಕೆ ಐದೂ, ಕೊಡಗಿನ ಎರಡಕ್ಕೆ ಎರಡೂ ಕ್ಷೇತ್ರಗಳನ್ನು ಕಾಂಗ್ರೆಸ್ ಗೆದ್ದಿತ್ತು. ಮೇ 27ರಂದು ಸಂಪುಟ ಪೂರ್ತಿ ಭರ್ತಿಯಾದಾಗ ಎರಡೂ ಜಿಲ್ಲೆಗೆ ಮಂತ್ರಿ ಇರಲಿಲ್ಲ. ಚಿಕ್ಕಮಗಳೂರಿನ ಉಸ್ತುವಾರಿ ಬೆಂಗಳೂರಿನ ಕೆ.ಜೆ. ಜಾರ್ಜ್ ಅವರಿಗೆ ಹೋಯಿತು, ಕೊಡಗಿನದು ರಾಯಚೂರಿನ ಎನ್.ಎಸ್. ಬೋಸರಾಜು ಅವರಿಗೆ. ಅದೇ ಹೊತ್ತಿನಲ್ಲಿ ರಾಜಧಾನಿಯೊಂದರಿಂದಲೇ ಆರು ಮಂದಿ ಸಂಪುಟದಲ್ಲಿದ್ದರು. ನೋಡಿದವರಿಗೆ ಅನ್ಯಾಯ ಅನ್ನಿಸದೆ ಇರುತ್ತದೆಯೇ? ಆದರೆ ಅನ್ಯಾಯ ಅನ್ನಿಸುವುದು ಬೇರೆ, ಕಾನೂನು ಮೀರಿದ್ದಾರೆ ಅನ್ನುವುದು ಬೇರೆ. ಸಚಿವಾಲಯದಲ್ಲಿ ಕಡತ ಹೊತ್ತು ತಿರುಗಿದ ಇಷ್ಟು ವರ್ಷಗಳಲ್ಲಿ ಜನ ಇವೆರಡನ್ನು ಬೆರೆಸಿಕೊಂಡು ಸೋಲುವುದನ್ನು ಬಹಳ ನೋಡಿದ್ದೇನೆ.

ಸಂವಿಧಾನ ಏನು ಹೇಳುತ್ತದೆ? ಬಹಳ ಕಡಿಮೆ ಹೇಳುತ್ತದೆ. 164ನೇ ವಿಧಿಯ ಪ್ರಕಾರ ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಉಳಿದ ಮಂತ್ರಿಗಳನ್ನು ಮುಖ್ಯಮಂತ್ರಿಯ ಸಲಹೆಯಂತೆ ನೇಮಿಸುತ್ತಾರೆ. ರಾಜ್ಯಪಾಲರ ‘ಇಷ್ಟವಿರುವ ತನಕ’ ಮಂತ್ರಿ ಹುದ್ದೆಯಲ್ಲಿರುತ್ತಾನೆ ಎಂದು ಅಲ್ಲಿ ಬರೆದಿದೆ. ಇದನ್ನು ಓದಿ ರಾಜಭವನಕ್ಕೆ ಮನವಿ ಹಿಡಿದುಕೊಂಡು ಹೋಗುವವರಿದ್ದಾರೆ. ಆ ಇಷ್ಟ ನಿಜವಾಗಿ ಮುಖ್ಯಮಂತ್ರಿಯದು. ರಾಜ್ಯಪಾಲರು ಇಂಥ ವಿಷಯದಲ್ಲಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು ಎಂದು ಸುಪ್ರೀಂ ಕೋರ್ಟ್ 1974ರಲ್ಲೇ ಶಂಶೇರ್ ಸಿಂಗ್ ಪ್ರಕರಣದಲ್ಲಿ ಹೇಳಿಯಾಗಿದೆ. 2025ರ ಆಗಸ್ಟ್‌ನಲ್ಲಿ ಕೆ.ಎನ್. ರಾಜಣ್ಣ ಅವರನ್ನು ಸಂಪುಟದಿಂದ ಕೈಬಿಟ್ಟದ್ದು ಹೀಗೆಯೇ: ಮುಖ್ಯಮಂತ್ರಿಯ ಶಿಫಾರಸು ಹೋಯಿತು, ರಾಜಭವನದ ಅಂಕಿತ ಬಿತ್ತು.

ಇಂಥ ಖಾತೆಗೆ ಒಬ್ಬ ಮಂತ್ರಿ ಇರಲೇಬೇಕು ಎಂದು ಸಂವಿಧಾನ ಹೇಳುವುದು ಒಂದೇ ಒಂದು ಕಡೆ. ಛತ್ತೀಸಗಡ, ಜಾರ್ಖಂಡ್, ಮಧ್ಯಪ್ರದೇಶ, ಒಡಿಶಾ ರಾಜ್ಯಗಳಲ್ಲಿ ಬುಡಕಟ್ಟು ಕಲ್ಯಾಣಕ್ಕೆ ಒಬ್ಬ ಮಂತ್ರಿ ಇರಬೇಕು. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ಜಾತಿ, ಜಿಲ್ಲೆ, ಪ್ರದೇಶ, ಲಿಂಗ ಯಾವುದಕ್ಕೂ ಸಂಪುಟದಲ್ಲಿ ಮೀಸಲಾತಿ ಇಲ್ಲ. ಕಲ್ಯಾಣ ಕರ್ನಾಟಕದವರು ನಮಗೆ ಸಂವಿಧಾನದ 371ಜೆ ವಿಧಿ ಇದೆಯಲ್ಲ ಎನ್ನುತ್ತಾರೆ. ಅದು ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಉದ್ಯೋಗದ ಮಾತಾಡುತ್ತದೆ, ಮಂತ್ರಿಗಿರಿಯದಲ್ಲ. ಹೆಣ್ಣುಮಕ್ಕಳ ಪಾಲು ನೋಡಿ: 2023ರ 34 ಮಂದಿಯ ಸಂಪುಟದಲ್ಲಿ ಇದ್ದದ್ದು ಒಬ್ಬರೇ, ಲಕ್ಷ್ಮೀ ಹೆಬ್ಬಾಳಕರ. ಯಾವ ಕೋರ್ಟೂ ಅದನ್ನು ತಡೆಯಲಿಲ್ಲ, ತಡೆಯಲು ಆಧಾರವೂ ಇರಲಿಲ್ಲ.

ಇನ್ನು ಆ 34ರ ಲೆಕ್ಕ. ನೀವು ಗಣಿತದವರಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2003ರ ತನಕ ಸಂಪುಟಕ್ಕೆ ಮಿತಿಯೇ ಇರಲಿಲ್ಲ. 1997ರಲ್ಲಿ ಉತ್ತರಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರ ಉಳಿಸಿಕೊಳ್ಳಲು 93 ಮಂದಿಯನ್ನು ಮಂತ್ರಿ ಮಾಡಿದ್ದರು. ಇಂಥ ಜಂಬೋ ಸಂಪುಟಗಳ ಕಾಟ ತಾಳಲಾರದೆ ಬಂದದ್ದು ಸಂವಿಧಾನದ 91ನೇ ತಿದ್ದುಪಡಿ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ ಶೇ 10 ಸಾಕು ಎಂದಿತ್ತು. ಸಂಸತ್ತು ಶೇ 15ಕ್ಕೆ ಒಪ್ಪಿತು. ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಒಟ್ಟು ಸದಸ್ಯಬಲದ ಶೇ 15 ಮೀರಬಾರದು, 12ಕ್ಕಿಂತ ಕಡಿಮೆಯೂ ಇರಬಾರದು. ವಿಧಾನ ಪರಿಷತ್ತಿನ 75 ಸ್ಥಾನ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಪರಿಷತ್ತಿನವರು ಮಂತ್ರಿಯಾದರೆ ಈ ಕೋಟಾದಲ್ಲೇ ಒಂದು ಕುರ್ಚಿ ಹೋಗುತ್ತದೆ.

ನಮ್ಮ 224ಕ್ಕೆ ಶೇ 15 ಅಂದರೆ 33.6. ‘ಮೀರತಕ್ಕದ್ದಲ್ಲ’ ಎಂದ ಮೇಲೆ 33ಕ್ಕೆ ನಿಲ್ಲಬೇಕಲ್ಲವೇ, 34 ಹೇಗಾಯಿತು ಎಂದು ನೀವು ಕೇಳಿದರೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ರೂಢಿ ಹಾಗೆ ಬಂದಿದೆ. 90 ಸದಸ್ಯರ ಹರಿಯಾಣದಲ್ಲಿ 13.5 ಬರುತ್ತದೆ, ಅಲ್ಲೂ 14 ಮಂದಿ ಇರುತ್ತಾರೆ. ಮೇಷ್ಟ್ರು ಉತ್ತರಪತ್ರಿಕೆಯಲ್ಲಿ ಅರ್ಧ ಅಂಕವನ್ನು ಮೇಲಕ್ಕೆ ಏರಿಸಿಕೊಟ್ಟ ಹಾಗೆ ಅಂದುಕೊಳ್ಳಿ.

ಕೆಳಗಿನ ಮಿತಿಯ ಕಥೆ ಇನ್ನೂ ಸಡಿಲ. ಕನಿಷ್ಠ 12 ಎಂದಿದೆಯಾದರೂ ಎಷ್ಟು ದಿನದೊಳಗೆ ಎಂದು ಬರೆದಿಲ್ಲ. 2019ರ ಜುಲೈ 26ರಂದು ಬಿ.ಎಸ್. ಯಡಿಯೂರಪ್ಪ ಒಬ್ಬರೇ ಪ್ರಮಾಣವಚನ ತೆಗೆದುಕೊಂಡರು, ಮೊದಲ 17 ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿದ್ದ ಆ 25 ದಿನ ಸಂಪುಟ ಎಂದರೆ ಒಬ್ಬರೇ. 2022ರಲ್ಲಿ ಮಹಾರಾಷ್ಟ್ರದ ಶಿಂದೆ–ಫಡಣವೀಸ್ ಇಬ್ಬರೇ ಜೂನ್ 30ರಿಂದ ಆಗಸ್ಟ್ 9ರವರೆಗೆ ಸರ್ಕಾರ ನಡೆಸಿದರು. ಖಾಲಿ ಕುರ್ಚಿಯನ್ನು ಇಷ್ಟು ದಿನದಲ್ಲಿ ತುಂಬಬೇಕೆಂಬ ಗಡುವೂ ಇಲ್ಲ. ನನ್ನ ಮಟ್ಟಿಗೆ ಸಂವಿಧಾನದ ಈ ಭಾಗದಲ್ಲಿ ನಿಜವಾಗಿ ತಿದ್ದುಪಡಿ ಬೇಕಿರುವುದು ಇಲ್ಲಿಯೇ. ಜಿಲ್ಲಾವಾರು ಹಂಚಿಕೆಗಿಂತ ಇದು ತುರ್ತಿನದು.

ಈಗ ನಿಮ್ಮ ಜಿಲ್ಲೆ ಏಕೆ ತಪ್ಪಿತು ಎಂಬ ಪ್ರಶ್ನೆ. 31 ಜಿಲ್ಲೆ, 34 ಕುರ್ಚಿ. ಒಂದೊಂದು ಹಂಚಿದರೂ ಮೂರು ಉಳಿಯುತ್ತವೆ ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಬೆಂಗಳೂರು ನಗರ ಜಿಲ್ಲೆಗೆ 28 ವಿಧಾನಸಭಾ ಕ್ಷೇತ್ರ, ಬೆಳಗಾವಿಗೆ 18, ಕೊಡಗಿಗೆ 2. ಕೆಲವು ಜಿಲ್ಲೆಗಳಲ್ಲಿ ಆಡಳಿತ ಪಕ್ಷಕ್ಕೆ ಒಬ್ಬ ಶಾಸಕನೂ ಇರುವುದಿಲ್ಲ. 2023ರಲ್ಲಿ ಉಡುಪಿಯ ಐದೂ ಬಿಜೆಪಿಗೆ ಹೋಗಿದ್ದವು. ಇದರ ಮೇಲೆ ಜಾತಿಯ ಲೆಕ್ಕ, ಪ್ರದೇಶದ ಲೆಕ್ಕ, ಹಿರಿತನದ ಲೆಕ್ಕ, ದೆಹಲಿಯಿಂದ ಬರುವ ಪಟ್ಟಿ. ಪಕ್ಷದೊಳಗಿನ ಬಣಗಳಿಗೂ ಪಾಲು ಬೇಕು. ಮೈತ್ರಿ ಸರ್ಕಾರವಾದರೆ ಮೊದಲೇ ಅರ್ಧ ಹೋಳಿಗೆ ಬೇರೆಯವರ ಎಲೆಗೆ: 2018ರಲ್ಲಿ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12 ಎಂದು ಹಂಚಿಕೊಂಡಿದ್ದರು. ಪಕ್ಷ ಬಿಟ್ಟು ಬಂದು ಸರ್ಕಾರ ಕಟ್ಟಿಕೊಟ್ಟವರಿದ್ದರೆ ಅವರ ಋಣ ತೀರಿಸಬೇಕು. 2020ರ ಫೆಬ್ರುವರಿ 6ರಂದು ಉಪಚುನಾವಣೆ ಗೆದ್ದುಬಂದ ಹತ್ತು ಮಂದಿ ಒಟ್ಟಿಗೆ ಮಂತ್ರಿಯಾದರು, ಎಷ್ಟೋ ವರ್ಷ ಪಕ್ಷದಲ್ಲಿದ್ದ ‘ಮೂಲ’ದವರು ಹೊರಗುಳಿದರು.

ಈ ಎಲ್ಲ ಲೆಕ್ಕದಲ್ಲಿ ಮೊದಲು ಏಟು ತಿನ್ನುವುದು ಸಣ್ಣ ಜಿಲ್ಲೆಯ, ಗಲಾಟೆ ಮಾಡದ ಶಾಸಕ. ಒಬ್ಬ ಮಂತ್ರಿಯನ್ನು ಸೇರಿಸಿದರೆ ಜಾತಿಯೂ ಪ್ರದೇಶವೂ ಬಣವೂ ಒಂದೇ ಏಟಿಗೆ ತೃಪ್ತವಾಗುವಂತಿರಬೇಕು. ನಿಮ್ಮ ಶಾಸಕರಿಗೆ ಹಿರಿತನ ಇತ್ತು, ಉಳಿದ ಚೌಕಗಳು ತುಂಬಲಿಲ್ಲ ಅಂತ ಕಾಣುತ್ತದೆ. ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಪಟ್ಟಿಯಲ್ಲಿದ್ದ ಹೆಸರು ಬೆಳಿಗ್ಗೆ ಎಂಟಕ್ಕೆ ಇಲ್ಲದೆ ಹೋದದ್ದನ್ನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಊರಿನಿಂದ ಬಸ್ಸು ಮಾಡಿಕೊಂಡು ಬಂದ ಅಭಿಮಾನಿಗಳು ಹಾರಗಳ ಸಮೇತ ವಾಪಸು ಹೋಗುವುದನ್ನು ನೋಡುವುದು ಬಹಳ ಕಷ್ಟದ ಕೆಲಸ.

ಚುನಾವಣೆಗೇ ನಿಲ್ಲದವರು ಮಂತ್ರಿಯಾಗಬಹುದೇ? ಆಗಬಹುದು. ಆದರೆ ಸತತ ಆರು ತಿಂಗಳೊಳಗೆ ವಿಧಾನಸಭೆ ಅಥವಾ ಪರಿಷತ್ತಿನ ಸದಸ್ಯರಾಗದಿದ್ದರೆ ಹುದ್ದೆ ತಾನಾಗಿ ಹೋಗುತ್ತದೆ. ಬೋಸರಾಜು ಅವರು 2023ರ ಮೇನಲ್ಲಿ ಮಂತ್ರಿಯಾದಾಗ ಯಾವ ಸದನದಲ್ಲೂ ಇರಲಿಲ್ಲ, ಜೂನ್‌ನಲ್ಲಿ ಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದರು. 2018ರಲ್ಲಿ ಅಥಣಿಯಲ್ಲಿ ಸೋತಿದ್ದ ಲಕ್ಷ್ಮಣ ಸವದಿ 2019ರ ಆಗಸ್ಟ್ 20ಕ್ಕೆ ಮಂತ್ರಿಯಾದರು, ಬಳಿಕ ಉಪಮುಖ್ಯಮಂತ್ರಿಯೂ ಆದರು. ಪರಿಷತ್ತಿಗೆ ಆಯ್ಕೆಯಾದದ್ದು 2020ರ ಫೆಬ್ರುವರಿ 17ಕ್ಕೆ. ಗಡುವಿಗೆ ಎಷ್ಟು ದಿನ ಉಳಿದಿತ್ತು ಎಂದು ನೀವೇ ಎಣಿಸಿ.

ಆರು ತಿಂಗಳು ಮುಗಿಯುವ ಮುಂಚೆ ರಾಜೀನಾಮೆ ಕೊಟ್ಟು ಮತ್ತೆ ಪ್ರಮಾಣವಚನ ತೆಗೆದುಕೊಂಡರೆ? ಪಂಜಾಬಿನಲ್ಲಿ ಹೀಗೆ ಮಾಡಿದ್ದರು. ಆರಿಸಿ ಬರದೆ ಅದೇ ವಿಧಾನಸಭೆಯ ಅವಧಿಯಲ್ಲಿ ಎರಡನೇ ಸಲ ಮಂತ್ರಿಯಾಗುವುದು ಸಂವಿಧಾನಕ್ಕೆ ಮಾಡುವ ಮೋಸ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಎಸ್.ಆರ್. ಚೌಧುರಿ ಪ್ರಕರಣದಲ್ಲಿ ಆ ಬಾಗಿಲು ಮುಚ್ಚಿತು.

ಕೋರ್ಟು ಸಂಪುಟದ ವಿಷಯಕ್ಕೆ ಕೈ ಹಾಕುವುದೇ ಇಲ್ಲ ಎಂದು ಇದರಿಂದ ತಿಳಿಯಬೇಡಿ. ಬರೆದ ನಿಯಮ ಇದ್ದಲ್ಲಿ ಹಾಕುತ್ತದೆ. ಇದಕ್ಕೆ ನಮ್ಮ ಎಚ್. ವಿಶ್ವನಾಥ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ಇಲ್ಲ. ಪಕ್ಷಾಂತರಕ್ಕಾಗಿ ಅನರ್ಹನಾದ ಶಾಸಕ ಮತ್ತೆ ಚುನಾವಣೆಯಲ್ಲಿ ಗೆಲ್ಲುವ ತನಕ, ಇಲ್ಲವೇ ಆತನ ಹಳೆಯ ಅವಧಿ ಮುಗಿಯುವ ತನಕ ಮಂತ್ರಿಯಾಗುವಂತಿಲ್ಲ ಎಂದು ಅದೇ 91ನೇ ತಿದ್ದುಪಡಿ ಹೇಳುತ್ತದೆ. 2019ರಲ್ಲಿ ಅನರ್ಹರಾದ 17 ಮಂದಿಯಲ್ಲಿ ವಿಶ್ವನಾಥ್ ಹುಣಸೂರಿನ ಉಪಚುನಾವಣೆಯಲ್ಲಿ ಸೋತರು, ಎಂ.ಟಿ.ಬಿ. ನಾಗರಾಜ್ ಹೊಸಕೋಟೆಯಲ್ಲಿ ಸೋತರು. ನಾಗರಾಜ್ ಅವರನ್ನು ಶಾಸಕರು ಮತ ಹಾಕುವ ಕ್ಷೇತ್ರದಿಂದ ಪರಿಷತ್ತಿಗೆ ಆರಿಸಿ ತಂದರು, ವಿಶ್ವನಾಥ್ ಅವರನ್ನು ನಾಮನಿರ್ದೇಶನ ಮಾಡಿದರು. ಇಬ್ಬರೂ ಕೂತದ್ದು ಅದೇ ಪರಿಷತ್ತಿನಲ್ಲಿ. ಆದರೆ ನಾಮನಿರ್ದೇಶನ ಎಂದರೆ ಆಯ್ಕೆಯಲ್ಲ, ಆದ್ದರಿಂದ ವಿಶ್ವನಾಥ್ ಮಂತ್ರಿಯಾಗುವಂತಿಲ್ಲ ಎಂದು 2020ರ ನವೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು, 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ಜನವರಿಯಲ್ಲಿ ನಾಗರಾಜ್ ಮಂತ್ರಿಯಾದರು. ಅಲ್ಲಿ ಅರ್ಜಿದಾರರ ಕೈಯಲ್ಲಿ ಒಂದು ಉಪವಿಧಿ ಇತ್ತು. ನಿಮ್ಮ ಕೈಯಲ್ಲಿ ಅಂಥದ್ದು ಇಲ್ಲ. ಕ್ರಿಮಿನಲ್ ಆರೋಪ ಹೊತ್ತವರನ್ನು ಮಂತ್ರಿ ಮಾಡಬಾರದೆಂಬ ಮನೋಜ್ ನರೂಲಾ ಪ್ರಕರಣದಲ್ಲೇ 2014ರಲ್ಲಿ ಸುಪ್ರೀಂ ಕೋರ್ಟ್, ಅದು ಪ್ರಧಾನಿ ಮತ್ತು ಮುಖ್ಯಮಂತ್ರಿಗಳ ವಿವೇಕಕ್ಕೆ ಬಿಟ್ಟದ್ದು ಎಂದು ಕೈಬಿಟ್ಟಿತು. ಅಂಥ ಕೋರ್ಟು ಜಿಲ್ಲೆಯ ಪಾಲು ಕೊಡಿಸುತ್ತದೆಯೇ?

ನಿಗಮದ ‘ಸಂಪುಟ ದರ್ಜೆ’ಗೆ ಬರೋಣ. ಅದು ದರ್ಜೆ ಮಾತ್ರ, ಸಂಪುಟವಲ್ಲ. ಸರ್ಕಾರಿ ಕಾರು, ಕಚೇರಿ, ಸಿಬ್ಬಂದಿ, ಶಿಷ್ಟಾಚಾರದಲ್ಲಿ ಒಂದು ಸ್ಥಾನ, ಅಷ್ಟೇ. ರಾಜ್ಯಪಾಲರ ಎದುರು ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನ ಇಲ್ಲ, ಸಂಪುಟ ಸಭೆಯಲ್ಲಿ ಕುರ್ಚಿ ಇಲ್ಲ, ಇಲಾಖೆಯ ಕಡತ ಸಹಿಗೆ ಬರುವುದಿಲ್ಲ. ಹಾಗಾಗಿ ಶೇ 15ರ ಲೆಕ್ಕಕ್ಕೂ ಬರುವುದಿಲ್ಲ, ಮಿತಿ ಬಂದ ಮೇಲೆ ಈ ಹುದ್ದೆಗಳಿಗೆ ಇಷ್ಟು ಬೆಲೆ ಬಂದದ್ದೂ ಅದಕ್ಕೇ. ಕೆಲವು ರಾಜ್ಯಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಂಸದೀಯ ಕಾರ್ಯದರ್ಶಿಗಳೆಂದು ಶಾಸಕರನ್ನು ನೇಮಿಸಿದವು. ಅಸ್ಸಾಮಿನ ಆ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿತು, ಹಿಮಾಚಲದ್ದನ್ನು ಅಲ್ಲಿನ ಹೈಕೋರ್ಟ್ 2024ರಲ್ಲಿ ರದ್ದು ಮಾಡಿತು. ಉಪಮುಖ್ಯಮಂತ್ರಿ ಹುದ್ದೆಯೂ ಸಂವಿಧಾನದಲ್ಲಿ ಇಲ್ಲ. ಅವರು ಮಂತ್ರಿಯೇ, ಹೆಸರಿಗೊಂದು ಗೌರವ ಹೆಚ್ಚು. ಅದರಲ್ಲಿ ತಪ್ಪಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಹೇಳಿದೆ.

ಹಾಗಾದರೆ ನೀವು ಮಾಡಬಹುದಾದದ್ದು ಏನು?

ಶಾಸಕರು ರಾಜೀನಾಮೆ ಬೆದರಿಕೆ ಹಾಕಲಿ ಎಂದು ಒತ್ತಾಯಿಸುವವರು ನಿಮ್ಮಲ್ಲೂ ಇರುತ್ತಾರೆ. ಅದರಿಂದ ಕೆಲವರಿಗೆ ಮಂತ್ರಿಗಿರಿ ಸಿಕ್ಕಿದೆ, ಸುಳ್ಳು ಹೇಳುವುದಿಲ್ಲ. ಆದರೆ ಬೆದರಿಕೆ ಒಂದು ಸಲ ಹುಸಿಯಾದರೆ ಆ ಅವಧಿ ಮುಗಿಯುವವರೆಗೆ ಕ್ಷೇತ್ರದ ಕಡತಗಳು ಕದಲುವುದಿಲ್ಲ. ನಿಜವಾಗಿಯೂ ರಾಜೀನಾಮೆ ಕೊಟ್ಟರೆ ಉಪಚುನಾವಣೆ, ಸಂದರ್ಭ ಕೆಟ್ಟರೆ ಅನರ್ಹತೆ. ಸುಮ್ಮನಿದ್ದು ಪುನಾರಚನೆಗೆ ಕಾಯುವುದು ಇನ್ನೊಂದು ದಾರಿ. ಖರ್ಚಿಲ್ಲ, ಖಾತರಿಯೂ ಇಲ್ಲ.

ನಾನಾದರೆ ನಿಮ್ಮ ಶಾಸಕರು ಮಂತ್ರಿಯಲ್ಲ ಎಂಬುದನ್ನೇ ಬಂಡವಾಳ ಮಾಡಿಕೊಳ್ಳುತ್ತೇನೆ. ಮಂತ್ರಿಯಾದವನು ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ, ಉತ್ತರ ಕೊಡಬೇಕಾದವನು ಅವನೇ. ಸಂಪುಟದ ತೀರ್ಮಾನ ತನಗೆ ಹಿಡಿಸದಿದ್ದರೂ ಹೊರಗೆ ಸಮರ್ಥಿಸಬೇಕು, ಸಾಮೂಹಿಕ ಹೊಣೆ ಎಂದರೆ ಅದೇ. ನಿಮ್ಮ ಶಾಸಕರಿಗೆ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು), ಗಮನ ಸೆಳೆಯುವ ಸೂಚನೆ, ಶೂನ್ಯವೇಳೆ ಎಲ್ಲವೂ ಇವೆ. ಜಿಲ್ಲಾಸ್ಪತ್ರೆಯಲ್ಲಿ ವೈದ್ಯರ ಹುದ್ದೆ ಎಷ್ಟು ಖಾಲಿ ಎಂಬ ಒಂದು ಪ್ರಶ್ನೆಗೆ ಮಂತ್ರಿ ಸದನದಲ್ಲಿ ಕೊಡುವ ಉತ್ತರ ದಾಖಲೆಯಾಗಿ ಉಳಿಯುತ್ತದೆ, ಇಲಾಖೆಯೇ ಆ ವಾರ ಎದ್ದು ಕೂರುತ್ತದೆ. ಅಪಾಯ ಇರುವುದು ನಿಗಮದ ಕುರ್ಚಿಯಲ್ಲಿ: ಅದನ್ನು ಕೊಟ್ಟವರಿಗೆ ಮುಜುಗರವಾಗುವ ಪ್ರಶ್ನೆ ಕೇಳಲು ಎಷ್ಟೋ ಶಾಸಕರಿಗೆ ನಾಲಿಗೆ ಏಳುವುದಿಲ್ಲ. ಕೇಳಿದರೋ ಇಲ್ಲವೋ ಎಂದು ನೀವು ನೋಡುತ್ತಿರಬೇಕು.

ಇನ್ನು ಜಿಲ್ಲಾ ಉಸ್ತುವಾರಿ ಸಚಿವರ ವಿಷಯ. ಅದೂ ಸಂವಿಧಾನದ ಹುದ್ದೆಯಲ್ಲ, ಸರ್ಕಾರಿ ಆದೇಶದಿಂದ ಬಂದದ್ದು, ಬೆಳಗಾಗುವುದರೊಳಗೆ ಬದಲಾಗಬಹುದು. ಆದರೂ ಜಿಲ್ಲೆಯ ಕಾಮಗಾರಿ, ಯೋಜನೆಗಳ ಪ್ರಗತಿ ನೋಡುವ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ಅಧ್ಯಕ್ಷತೆ ಅವರದ್ದು, ಜಿಲ್ಲೆಯ ಎಲ್ಲ ಇಲಾಖೆಯ ಅಧಿಕಾರಿಗಳು ಅವರ ಮುಂದೆ ಲೆಕ್ಕ ಒಪ್ಪಿಸಬೇಕು. ಹೊರಜಿಲ್ಲೆಯವರು ಎಂದ ಮಾತ್ರಕ್ಕೆ ಕೆಲಸ ಕೆಡುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಒಳಜಿಲ್ಲೆಯ ಮಂತ್ರಿ ಇದ್ದಲ್ಲಿ ಅನುದಾನ ಅವರ ಕ್ಷೇತ್ರದ ಕಡೆಗೇ ಹರಿದು, ಪಕ್ಕದ ತಾಲ್ಲೂಕಿನವರು ಬಾಯಿ ಬಿಟ್ಟು ನೋಡುವುದೂ ಉಂಟು. ಹೊರಗಿನವರಿಗೆ ಆ ಮೋಹವಿಲ್ಲ. ಅವರ ತೊಂದರೆ ಬೇರೆ, ಬರುವುದೇ ಇಲ್ಲ. ಅದನ್ನು ಹಿಡಿಯಲು ಕೋರ್ಟ್ ಬೇಡ, ದಿನಾಂಕಗಳು ಸಾಕು.

ಜಿಲ್ಲಾ ಪಂಚಾಯಿತಿಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಕೇಳಬೇಕಾದದ್ದು ಇಷ್ಟು: ಕಳೆದ ಎರಡು ವರ್ಷಗಳಲ್ಲಿ ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ನಡೆದ ಕೆಡಿಪಿ ಸಭೆಗಳ ದಿನಾಂಕ, ನಡಾವಳಿಯ ಪ್ರತಿ, ಪ್ರತಿ ಸಭೆಯ ಅನುಪಾಲನಾ ವರದಿ (ತೀರ್ಮಾನಗಳು ಜಾರಿಯಾದವೇ ಎಂಬ ವರದಿ). ವರ್ಷಕ್ಕೆ ನಾಲ್ಕು ಸಭೆ ಎಂದರೆ ಎಂಟು ನಡಾವಳಿ ಸಿಗಬೇಕು. ಮೂರೇ ಸಿಕ್ಕರೆ ಆ ಹಾಳೆಗಳನ್ನು ನಿಮ್ಮ ಶಾಸಕರ ಕೈಗೂ ಸ್ಥಳೀಯ ಪತ್ರಿಕೆಯವರ ಕೈಗೂ ಕೊಡಿ. ಸಂಗ್ರಹವಾದ ಹಣದಲ್ಲಿ ಜೆರಾಕ್ಸ್ ಖರ್ಚು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟವರಿಗೆ ವಾಪಸು ಮಾಡಿ.